ಅಪ್‌ಡೇಟ್: ಆಯ್ಕೆಪಟ್ಟಿ ಘಟಕದ ಟೈಪ್ ದೋಷ ಬಗೆಹರಿಯಿತು

ದಾವಣಗೆರೆಯ ಮೆಕ್ಕೆಜೋಳ ವರ್ತಕರೊಬ್ಬರ ಲೆಕ್ಕದ ತಂತ್ರಾಂಶಕ್ಕಾಗಿ ರಿಯಾಕ್ಟ್ (ಪರದೆಯ ಘಟಕಗಳನ್ನು ಕಟ್ಟುವ ಲೈಬ್ರರಿ) ಮತ್ತು ಟೈಪ್‌ಸ್ಕ್ರಿಪ್ಟ್‌ನಲ್ಲಿ (ಮೌಲ್ಯಗಳ ಟೈಪ್, ಅಂದರೆ ಬಗೆಯನ್ನು ಮೊದಲೇ ಪರೀಕ್ಷಿಸುವ ಭಾಷೆ) ಬರೆದ ಆಯ್ಕೆಪಟ್ಟಿ ಘಟಕದ ದೋಷದ ಬಗ್ಗೆ ಕೇಳಿದ್ದೆ. ರೈತರು, ಲಾರಿ, ಗೋದಾಮು, ಯಾವ ಪಟ್ಟಿ ಕೊಟ್ಟರೂ ಅದೇ ಘಟಕ ನಡೆಯಬೇಕಿತ್ತು. ಆದರೆ ಆಯ್ದ ವಸ್ತು ಹೊರಬರುವಾಗ ಅದರ ಟೈಪ್ ‘ಅನ್‌ನೋನ್’ (ಬಗೆ ತಿಳಿಯದು) ಆಗಿಬಿಡುತ್ತಿತ್ತು. ಈಗ ಸರಿಹೋಗಿದೆ.

ಕಾರಣ ಫಾರ್ವರ್ಡ್‌ರೆಫ್, ಅಂದರೆ ಘಟಕದೊಳಗಿನ ಅಂಶವನ್ನು ಹೊರಗಿನಿಂದ ಹಿಡಿಯುವ ಕೊಂಡಿಯಾದ ‘ರೆಫ್’ ಅನ್ನು ಒಳಗೆ ದಾಟಿಸುವ ಹೊದಿಕೆ. ಅದರ ಟೈಪ್ ಘೋಷಣೆ ಘಟಕವನ್ನು ಸುತ್ತುವಾಗ ಜೆನೆರಿಕ್ ಆದ, ಅಂದರೆ ಯಾವ ಟೈಪಿನ ಬದಲಾದರೂ ನಿಲ್ಲುವ ‘ಟಿ’ಯನ್ನು ಉಳಿಸಿಕೊಳ್ಳುವುದಿಲ್ಲ. ಟೈಪ್ ಪರೀಕ್ಷೆಯನ್ನೇ ಬಿಟ್ಟುಬಿಡುವ ‘ಎನಿ’ ಹಾಕಿ ಮುಗಿಸಿ ಎಂಬ ಸಲಹೆಯೂ ಬಂದಿತ್ತು. ಹಣದ ಲೆಕ್ಕವಿರುವ ಕಡೆ ಅದನ್ನು ನಾನು ಒಪ್ಪಲಾರೆ. ಕ್ವಿಂಟಲ್ ಎಂಬುದು ಸಂಖ್ಯೆಯೋ ಪಠ್ಯವೋ ಎಂದು ಕಂಪೈಲರ್ ಮೊದಲೇ ಹೇಳಬೇಕು. ತೂಕದ ಚೀಟಿ ಅಚ್ಚಾದ ಮೇಲೆ ತಿಳಿದರೆ ರೈತನಿಗೆ ನಷ್ಟ.

2024ರ ಡಿಸೆಂಬರ್‌ನಲ್ಲಿ ಬಂದ ರಿಯಾಕ್ಟ್ 19ರಲ್ಲಿ ರೆಫ್ ಅನ್ನು ಸಾಮಾನ್ಯ ಪ್ರಾಪ್‌ನಂತೆಯೇ (ಘಟಕಕ್ಕೆ ಕೊಡುವ ಮೌಲ್ಯ) ಕಳುಹಿಸಬಹುದು. ಆ ಆವೃತ್ತಿಗೆ ಬಂದು ಹೊದಿಕೆ ತೆಗೆದ ಕೂಡಲೇ ‘ಟಿ’ ತಾನಾಗಿ ಊಹೆಯಾಗತೊಡಗಿತು. 18ರಲ್ಲೇ ಉಳಿಯಬೇಕಾದವರು ಫಾರ್ವರ್ಡ್‌ರೆಫ್‌ನ ಟೈಪನ್ನು ತಮ್ಮ ಯೋಜನೆಯಲ್ಲಿ ಮರುಘೋಷಿಸಬಹುದು, ಟೈಪ್‌ಸ್ಕ್ರಿಪ್ಟ್ 3.4ರಿಂದ ಅದು ಸಾಧ್ಯ.

ಮತ್ತೊಂದು ದೋಷ ಉಳಿದಿತ್ತು. ‘ಕೀಆಫ್ ಟಿ’ಯಲ್ಲಿ, ಅಂದರೆ ‘ಟಿ’ಯ ಕೀಲಿಗಳ ಟೈಪಿನಲ್ಲಿ, ಸ್ಟ್ರಿಂಗ್ (ಪಠ್ಯ) ಜೊತೆಗೆ ನಂಬರ್, ಸಿಂಬಲ್ ಕೂಡ ಸೇರಬಹುದು. ಪಟ್ಟಿಯ ಸಾಲುಗಳನ್ನು ಗುರುತಿಸುವ ರಿಯಾಕ್ಟ್‌ನ ‘ಕೀ’ ಸಿಂಬಲ್ ಅನ್ನು ಒಪ್ಪುವುದಿಲ್ಲ. ಟೈಪ್‌ಗಳನ್ನು ಸೋಸುವ ‘ಎಕ್ಸ್‌ಟ್ರಾಕ್ಟ್’ ಬಳಸಿ ಸ್ಟ್ರಿಂಗ್ ಕೀಲಿಗಳನ್ನಷ್ಟೇ ಉಳಿಸಿಕೊಂಡೆ. ಟಿಎಸ್‌ಎಕ್ಸ್ ಕಡತದಲ್ಲಿ (ಟ್ಯಾಗ್‌ಗಳನ್ನೂ ಬರೆಯಬಹುದಾದ ಟೈಪ್‌ಸ್ಕ್ರಿಪ್ಟ್ ಕಡತ) ಜೆನೆರಿಕ್ ಬಾಣದ ಫಂಕ್ಷನ್ ಬರೆಯುವವರು ‘ಟಿ’ಯ ನಂತರ ಅಲ್ಪವಿರಾಮ ಹಾಕಿ, ಇಲ್ಲವಾದರೆ ಅದು ಟ್ಯಾಗ್ ಎಂದು ಓದಲ್ಪಡುತ್ತದೆ.

ರೆಫ್‌ನತ್ತ ಬೆರಳು ತೋರಿಸಿದವರಿಗೆ ಮನಃಪೂರ್ವಕ ಧನ್ಯವಾದ. ಒಂದೇ ಆಯ್ಕೆ, ಬಹು ಆಯ್ಕೆ ಎರಡಕ್ಕೂ ಈ ಘಟಕವನ್ನೇ ಹೊಂದಿಸುವ ಕೆಲಸ ಈ ವಾರ ನಡೆದಿದೆ.