ಚಿಟ್ಟೆಗೆ ಕಟ್ಟಿದ ಕಿಟ್ಟ: ‘ಥ್ರಾಟಲ್ ಬಾಡಿ’ಗೆ ಏನನ್ನೋಣ?

ಬಲ್ಲವರಿಗೆಲ್ಲ ನಮಸ್ಕಾರ.

ಎರಡು ಪದ ಬೇಕಾಗಿವೆ. ಒಂದು, ಗಾಡಿಯ ಒಂದು ಸಾಮಾನಿಗೆ. ಇನ್ನೊಂದು, ಆ ಸಾಮಾನಿಗೆ ಹತ್ತುವ ಕೊಳೆಗೆ. ಎರಡನೆಯದೇ ಹೆಚ್ಚು ತಲೆ ತಿನ್ನುತ್ತಿದೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ಮನೆ ಮುಂದೆ ತೊಂಬತ್ತರ ದಶಕದ ಒಂದು ಪಿಕಪ್ ಟ್ರಕ್ ಇದೆ. ಪೆಟ್ರೋಲ್ ಗಾಡಿ, ಆಕ್ಸಿಲರೇಟರಿಗೆ ಕೇಬಲ್ ಇದ್ದ ಕಾಲದ್ದು. ಈಚೆಗೆ ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ನಡುಗುತ್ತಿತ್ತು, ಒಮ್ಮೊಮ್ಮೆ ಆಫ್ ಆಗಿಯೇ ಬಿಡುತ್ತಿತ್ತು. ಶನಿವಾರ ಬೆಳಗ್ಗೆ ಬಾನೆಟ್ ಎತ್ತಿದೆ. ತಿಪಟೂರು ಕಡೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪ ಕಾಫಿ ಲೋಟ ಹಿಡಿದು ಬಂದು ನಿಂತರು.

“ಏನ್ ಮಾಡ್ತಿದೀಯೋ?”

“ಥ್ರಾಟಲ್ ಬಾಡಿ ಕ್ಲೀನ್ ಮಾಡ್ತಿದೀನಪ್ಪ.”

ಅಪ್ಪ ಟ್ರಕ್ಕಿನ ಹಿಂಭಾಗದ ಕಡೆ ನೋಡಿದರು. “ಬಾಡಿ ಹಿಂದಕ್ಕಲ್ವೇನೋ ಇರೋದು? ಇಲ್ಯಾಕೆ ಬಗ್ಗಿದೀಯ?”

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಲಾರಿಗೆ ಬಾಡಿ ಕಟ್ಟಿಸುತ್ತಾರೆ, ಬಾಡಿ ತುಂಬ ತೆಂಗಿನಕಾಯಿ ಹೇರುತ್ತಾರೆ. ಎಂಜಿನ್ ಪಕ್ಕದಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ಸಾಮಾನೊಂದು ತನ್ನನ್ನು ‘ಬಾಡಿ’ ಎಂದು ಕರೆದುಕೊಂಡರೆ ನಂಬುವುದು ಹೇಗೆ? ‘ಪಿಕಪ್’ ಎಂಬ ಮಾತಿನದೂ ಇದೇ ಪಾಡು. ನಮ್ಮಲ್ಲಿ ಗಾಡಿಗೂ ಪಿಕಪ್ ಎನ್ನುತ್ತೇವೆ, ಅದು ಚುರುಕಾಗಿ ಮುನ್ನುಗ್ಗುವುದಕ್ಕೂ ಪಿಕಪ್ ಎನ್ನುತ್ತೇವೆ. ‘ಪಿಕಪ್ಪಿಗೆ ಪಿಕಪ್ಪೇ ಇಲ್ಲ’ ಎಂದರೆ ಊರಿನ ಯಾವ ಮೆಕ್ಯಾನಿಕ್ಕೂ ನಗುವುದಿಲ್ಲ, ಸುಮ್ಮನೆ ಸ್ಪ್ಯಾನರ್ ತೆಗೆಯುತ್ತಾನೆ.

ಅಪ್ಪನಿಗೆ ಕನ್ನಡದಲ್ಲಿ ವಿವರಿಸಲು ಹೊರಟೆ. ಫಿಲ್ಟರಿನಿಂದ ಬಂದ ಗಾಳಿ ಈ ಕೊಳವೆಯಲ್ಲಿ ಹಾದು ಎಂಜಿನ್ನಿಗೆ ಹೋಗಬೇಕು. ಕೊಳವೆಯ ನಡುವೆ ಒಂದು ದುಂಡನೆಯ ತಗಡು, ಅದರ ಮಧ್ಯೆ ಅಡ್ಡಲಾಗಿ ಒಂದು ಕಡ್ಡಿ. ಕಾಲು ಒತ್ತಿದರೆ ಕೇಬಲ್ ಎಳೆದು ತಗಡು ತಿರುಗಿ ದಾರಿ ಬಿಡುತ್ತದೆ, ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಹೋದ ಗಾಳಿಯನ್ನು ಅಂದಾಜಿಸಿ ಪೆಟ್ರೋಲ್ ಎಷ್ಟು ಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್. ನಾವು ‘ರೇಸ್ ಕೊಡು’ ಎನ್ನುತ್ತೇವೆ, ಇಲ್ಲಿಯವರು ‘ಗ್ಯಾಸ್ ಕೊಡು’ ಎನ್ನುತ್ತಾರೆ. ನಿಜಕ್ಕೂ ಕಾಲಿನಿಂದ ಕೊಡುವುದು ಗಾಳಿ.

ಇಷ್ಟು ಹೇಳುವುದರಲ್ಲಿ ‘ಅದು’, ‘ಇದು’, ‘ಇದರೊಳಗಿನದು’ ಎಂದು ಎಷ್ಟು ಸಲ ಅಂದೆನೋ. ಹಾಗಾಗಿ ಈ ಪತ್ರ.

‘ಥ್ರಾಟಲ್’ ಎಂಬ ಇಂಗ್ಲಿಷ್ ಮಾತು ಗಂಟಲಿನ ನೆಂಟ. ಕ್ರಿಯಾಪದವಾದರೆ ಕತ್ತು ಹಿಸುಕುವುದು. ಉಗಿಯಂತ್ರದ ಕಾಲದಿಂದ ಬಂದ ಬಳಕೆ. ಜೇಮ್ಸ್ ವಾಟ್ 1788ರಲ್ಲಿ ತನ್ನ ಯಂತ್ರಕ್ಕೆ ವೇಗವನ್ನು ಹಿಡಿತದಲ್ಲಿಡುವ, ತಿರುಗುವ ಗುಂಡುಗಳ ಗವರ್ನರ್ ಜೋಡಿಸಿದಾಗ, ಆ ಗುಂಡುಗಳು ಎಳೆದು ಹಿಡಿಯುತ್ತಿದ್ದದ್ದು ಇಂಥದೇ ತಗಡನ್ನು. ಅಲ್ಲಿ ಕತ್ತು ಹಿಸುಕಿಸಿಕೊಳ್ಳುತ್ತಿದ್ದದ್ದು ಉಗಿ. ಹಾಗೆಂದು ಇದನ್ನೇ ಕನ್ನಡಿಸಿ ‘ಕಂಠಕವಾಟ’ ಎಂದರೆ ಕಿವಿ ಮೂಗು ಗಂಟಲಿನ ಡಾಕ್ಟರು ನೆನಪಾಗುತ್ತಾರೆ. ‘ಚಿಟ್ಟೆಕವಾಟ’ ಎಂಬುದು ಚೆನ್ನಾಗಿ ಕೇಳಿಸುತ್ತದೆ. ಇಂಗ್ಲಿಷಿನಲ್ಲೂ ಈ ಬಗೆಯ ಕವಾಟಕ್ಕೆ ಚಿಟ್ಟೆಯ ಹೆಸರೇ ಇದೆ. ಆದರೆ ಕವಾಟ ಎಂಬುದು ಹೃದಯದ ವಿಷಯಕ್ಕೆ ಪತ್ರಿಕೆಗಳಲ್ಲಿ ಓದುವ ಮಾತು, ಗ್ಯಾರೇಜಿನಲ್ಲಿ ಯಾರ ಬಾಯಲ್ಲೂ ಬಾರದು. ತಗಡಿಗೆ ಮಾತ್ರ ‘ಬಿಲ್ಲೆ’ ಸಾಕು ಎಂದು ನನ್ನ ಮತ.

ಇಡೀ ಸಾಮಾನಿಗೆ ಹೆಸರು ಕೊಟ್ಟವರು ಅಪ್ಪ. ಎಲ್ಲ ಕೇಳಿಸಿಕೊಂಡು, ಲೋಟ ಫೆಂಡರಿನ ಮೇಲಿಟ್ಟು ಅಂದರು: “ಹಂಗಾದ್ರೆ ಇದು ತೂಬು ಕಣೋ.”

ಕೆರೆ ಗೊತ್ತಿದ್ದವರಿಗೆ ತೂಬು ಏನೆಂದು ಹೇಳಬೇಕಿಲ್ಲ. ನೀರು ಸೃಷ್ಟಿಸುವುದು ತೂಬಿನ ಕೆಲಸವಲ್ಲ, ಎಷ್ಟು ಬಿಡಬೇಕೋ ಅಷ್ಟು ಬಿಡುವುದು ಅದರ ಕೆಲಸ. ಆಕ್ಸಿಲರೇಟರಿನ ಮೇಲೆ ಕಾಲಿಟ್ಟವನು ಇಲ್ಲಿ ನೀರುಗಂಟಿ. ‘ಗಾಳಿತೂಬು’ ಎಂದರೆ ಹೇಗೆ? ಒಂದು ಆಕ್ಷೇಪಣೆ ನನಗೇ ಹೊಳೆದಿದೆ: ಹಳೆಯ ತೂಬಿನ ಗೂಟವನ್ನು ಮೇಲೆತ್ತುತ್ತಾರೆ, ಇಲ್ಲಿ ಬಿಲ್ಲೆ ತಿರುಗುತ್ತದೆ. ಅಷ್ಟು ವ್ಯತ್ಯಾಸ ನುಂಗಿಕೊಳ್ಳಬಹುದೇ? ನಾನಂತೂ ನುಂಗಿಕೊಂಡಿದ್ದೇನೆ.

ಊರಲ್ಲಿ ಈ ಪದದ ಅಗತ್ಯವೇ ಬಿದ್ದಿರಲಿಲ್ಲ ಎಂಬುದೂ ನಿಜ. ನಮ್ಮ ಪಿಕಪ್ಪುಗಳು ಹೆಚ್ಚಾಗಿ ಡೀಸೆಲ್. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವುದಿಲ್ಲ, ಡೀಸೆಲನ್ನೇ ಅಳೆದು ಹಾಕುತ್ತಾರೆ. ಬೈಕು ಸ್ಕೂಟರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇತ್ತು. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಅಲ್ಲಿಗೂ ಥ್ರಾಟಲ್ ಬಾಡಿ ಬಂದಿದೆ. ಹಾಗಾಗಿ ಇಷ್ಟರಲ್ಲೇ ಯಾವುದೋ ಗ್ಯಾರೇಜಿನ ಹುಡುಗ ಇದಕ್ಕೊಂದು ಹೆಸರಿಟ್ಟಿರಬೇಕು. ಕೇಳಿದವರಿದ್ದರೆ ಅದೇ ಗೆಲ್ಲಲಿ, ಗಾಳಿತೂಬು ಬಿದ್ದುಹೋಗಲಿ.

ಈಗ ಕೊಳೆಯ ವಿಷಯ.

ಕೊಳವೆ ಬಿಚ್ಚಿ, ಕೈಯಿಂದ ಬಿಲ್ಲೆ ತಿರುಗಿಸಿ, “ಬ್ಯಾಟರಿ ಬಿಡಪ್ಪ” ಎಂದೆ. ಕಂಬಿ ಬಿಚ್ಚಿಟ್ಟಿದ್ದ ಗಾಡಿಯ ಬ್ಯಾಟರಿ ಕಡೆ ಅಪ್ಪ ಅನುಮಾನದಿಂದ ನೋಡಿದರು. ನಾನು ಕೇಳಿದ್ದು ಅವರ ಕೈಯಲ್ಲಿದ್ದ ಟಾರ್ಚು. ಬೆಳಕು ಬಿದ್ದಾಗ ಕಂಡಿತು: ಬಿಲ್ಲೆಯ ಹಿಂಬದಿಯ ಅಂಚಿಗೆ, ಅದು ಮುಚ್ಚಿ ಕೂರುವ ಜಾಗದ ಸುತ್ತ, ಕಪ್ಪು ಬಳೆಯ ಹಾಗೆ ಒಂದು ಪಟ್ಟಿ. ಎಂಜಿನ್ನಿನ ಹೊಟ್ಟೆಯಿಂದ ಬರುವ ಎಣ್ಣೆಯ ಹಬೆ, ವಾಪಸು ಬರುವ ಹೊಗೆಯ ಮಸಿ, ಎರಡೂ ಸೇರಿ ಬಿಸಿಗೆ ಬೆಂದು ಕೂತದ್ದು. ಕಾಲು ತೆಗೆದಾಗ ಎಂಜಿನ್ ಉಸಿರಾಡುವುದು ಕೂದಲೆಳೆಯ ಸಂದಿನಲ್ಲಿ ಮತ್ತು ಪಕ್ಕದ ಒಂದು ಸಣ್ಣ ಕಳ್ಳದಾರಿಯಲ್ಲಿ. ಎರಡನ್ನೂ ಇದೇ ಮುಚ್ಚುವುದು. ಸಿಗ್ನಲ್ಲಿನಲ್ಲಿ ಆಫ್ ಆಗುತ್ತಿದ್ದದ್ದು ಇದಕ್ಕೆ.

ಇದಕ್ಕೆ ಏನನ್ನಬೇಕು? ಮಸಿ ಎನ್ನೋಣವೆಂದರೆ ಮಸಿ ಒಣಗಿದ್ದು, ಊದಿದರೆ ಹಾರುವಂಥದು. ಜಿಡ್ಡು ಹಸಿ, ಅದಕ್ಕೆ ಕಪ್ಪಾಗಿರಲೇಬೇಕೆಂಬ ಕಟ್ಟುಪಾಡಿಲ್ಲ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ ಹಿತ್ತಾಳೆಯದು. ಇವೆರಡೂ ಲೋಹದ ಒಡಲಿನಿಂದಲೇ ಹುಟ್ಟುವಂಥವು, ಹೊರಗಿನಿಂದ ಬಂದು ಹತ್ತುವುದಲ್ಲ. ಗಸಿ, ಮಡ್ಡಿ ತಳದಲ್ಲಿ ನಿಲ್ಲುತ್ತವೆ. ತೂಬು ಕೊಟ್ಟ ಹುಮ್ಮಸ್ಸಿನಲ್ಲಿ ಅಪ್ಪ ‘ಹೂಳು’ ಎಂದರು. ಹೂಳಿನಲ್ಲಿ ಅಂಟು ಎಲ್ಲಿದೆ?

ಅಷ್ಟರಲ್ಲಿ ಅಮ್ಮ ಬಂದವರು ನನ್ನ ಕೈಯ ಬಟ್ಟೆ ಕಸಿದು ಬೆರಳಲ್ಲಿ ಉಜ್ಜಿ ನೋಡಿ, “ದೀಪದ ಕಿಟ್ಟ ಇದ್ದಂಗೈತೆ. ಪಾತ್ರೆ ತಿಕ್ಕೋ ಸಬೀನ ಸಿಗಲ್ವಾ ಇಲ್ಲಿ?” ಎಂದರು.

ಕಿಟ್ಟ! ದೀಪದ ಬಾಯಿಯ ಹತ್ತಿರ ಎಣ್ಣೆಯೂ ಹೊಗೆಯೂ ಬೆಂದು ಕಟ್ಟುವ, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕುವ ಆ ಕಪ್ಪು. ಬೇಕಾದದ್ದು ಇದೇ, ಹುಟ್ಟಿನ ಕ್ರಮವೂ ಅದೇ. ಸಂಸ್ಕೃತದಲ್ಲೂ ಈ ಪದ ಉಂಟು: ಉಂಡದ್ದು ಸಾರ, ಕಿಟ್ಟ ಎಂದು ಎರಡಾಗುತ್ತದೆ ಎನ್ನುತ್ತದೆ ಆಯುರ್ವೇದ, ಕಬ್ಬಿಣ ಕರಗಿಸಿದಾಗ ಉಳಿಯುವ ಕೊಳೆ ಲೋಹಕಿಟ್ಟ. ನನ್ನ ತಕರಾರು ಒಂದೇ. ಅಲ್ಲೆಲ್ಲ ಕಿಟ್ಟ ಎಂದರೆ ಉಳಿದ ಕಸ; ಅಮ್ಮನ ಬಾಯಲ್ಲಿ ಅದು ಹತ್ತಿ ಕಟ್ಟಿದ್ದು. ಈ ಅರ್ಥ ನಮ್ಮ ಮನೆಯದೋ, ತುಮಕೂರು ಸೀಮೆಯದೋ, ಎಲ್ಲರದೋ? (ನಮ್ಮಲ್ಲಿ ಕೃಷ್ಣ ಎಂಬ ಹೆಸರಿನ ಮಾವನೂ ಕಿಟ್ಟನೇ. ಅವನಿಗೆ ಈ ಪತ್ರ ತೋರಿಸುವುದಿಲ್ಲ.)

ಕ್ರಿಯಾಪದ ಕೂಡ ಮುಖ್ಯ. ಫೋರ್ಡ್ ಗಾಡಿಗಳ ಕೆಲವು ಹಳೆಯ ಥ್ರಾಟಲ್ ಬಾಡಿಗಳ ಮೇಲೆ ‘ಕ್ಲೀನ್ ಮಾಡಬೇಡಿ’ ಎಂದೇ ಚೀಟಿ ಅಂಟಿಸಿರುತ್ತದೆ, ಒಳಗೋಡೆಗೆ ಒಂದು ತೆಳು ಲೇಪ ಇರುವುದರಿಂದ. ಕನ್ನಡದಲ್ಲಿ ಅದನ್ನು ಬರೆಯುವುದಾದರೆ ‘ತಿಕ್ಕಬೇಡಿ’ ಎನ್ನಬೇಕೋ ‘ಒರೆಸಬೇಡಿ’ ಎನ್ನಬೇಕೋ? ಲೇಪವಿಲ್ಲದ್ದಾದರೂ ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸುವುದೇ ಕ್ರಮ, ಮೂಲೆಗೆ ಹಳೆ ಹಲ್ಲುಜ್ಜುವ ಬ್ರಷ್. ಚಾಕು ಹಾಕಿ ಕೆರೆದರೆ ಬಿಲ್ಲೆಯ ಅಂಚು ಗೀರು ಬಿದ್ದು, ಮುಚ್ಚಿದಾಗಲೂ ಗಾಳಿ ಸೋರುತ್ತದೆ. ಅಮ್ಮನ ಸಬೀನಕ್ಕೆ ನಾನು ಒಪ್ಪದಿದ್ದದ್ದು ಇದಕ್ಕೇ. ಇಂಗ್ಲಿಷಿನ ಒಂದು ‘ಕ್ಲೀನ್’ ಇರುವ ಕಡೆ ನಮ್ಮಲ್ಲಿ ತೊಳೆ, ಒರೆಸು, ಉಜ್ಜು, ತಿಕ್ಕು, ಕೆರೆ ಎಂದು ಸಾಲೇ ಇದೆ; ತಪ್ಪಾದದ್ದನ್ನು ಆರಿಸಿದರೆ ಸಾಮಾನೇ ಹಾಳು.

ಮಧ್ಯಾಹ್ನ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆ. ಮೊದಲು ಸ್ವಲ್ಪ ಹೊಗೆ ಬಿಟ್ಟು, ಜೋರಾಗಿ ಕೂಗಿ, ಆಮೇಲೆ ಇಳಿದು ಒಂದೇ ಲಯಕ್ಕೆ ನಿಂತಿತು. ಗಾಡಿ ನಿಂತಿದ್ದಾಗ ಎಂಜಿನ್ ಸುಮ್ಮನೆ ಓಡುವ ಈ ‘ಐಡ್ಲಿಂಗ್’ಗೆ ಊರಲ್ಲಿ ‘ಸ್ಲೋ’ ಎನ್ನುತ್ತಾರೆ. ಅದು ನನಗೆ ಸಾಕು, ಅದರ ಬಗ್ಗೆ ಚರ್ಚೆ ಬೇಡ.

ಕೇಳುವುದು ಇಷ್ಟೇ: ಚಿಟ್ಟೆಗೆ ಪಾತರಗಿತ್ತಿ ಎನ್ನುವ ಧಾರವಾಡದ ಕಡೆಯವರು ದೀಪದ ಕಿಟ್ಟಕ್ಕೆ ಏನನ್ನುತ್ತೀರಿ? ಕರಾವಳಿಯವರು?