ಮೇಸ್ತ್ರಿಯನ್ನು ಕೇಳಿ: ಏರ್ ಸಸ್ಪೆನ್ಶನ್, ದೊಡ್ಡ ವೀಲ್

ಅಡ್ಮಿನ್: ಹಾಸನದ ನಮ್ಮ ಸಸ್ಪೆನ್ಶನ್ ಮೇಸ್ತ್ರಿ ಇವತ್ತು, ನಾಳೆ ಗ್ರೂಪಲ್ಲಿ ಇರ್ತಾರೆ. ಗಾಡಿ ಮಾಡೆಲ್, ವರ್ಷ, ಟೈರ್ ಸೈಜ್ ಬರೆದೇ ಪ್ರಶ್ನೆ ಹಾಕಿ. ಫಾರ್ವರ್ಡ್ ಬೇಡ.

ಹುಬ್ಬಳ್ಳಿ ಫಾರ್ಚೂನರ್: ನಮಸ್ಕಾರ್ರಿ. ಈಗ 265/60 ಆರ್18 ಐತಿ. 20 ಇಂಚ್ ಅಲಾಯ್ ಹಾಕ್ಸಬೇಕಂತ ಮಾಡೇನ್ರಿ. ಯಾವ ಟೈರ್ ಕುಂದರ್ತೈತ್ರಿ?

ಮೇಸ್ತ್ರಿ: 265/50 ಆರ್20. ಅಂದ್ರೆ ಟೈರಿನ ಅಗಲ 265 ಮಿ.ಮೀ., ಪಕ್ಕದ ರಬ್ಬರಿನ ಎತ್ತರ ಅದರ ನೂರಕ್ಕೆ 50 ಪಾಲು, ವೀಲು 20 ಇಂಚು. ಟೈರಿನ ಹೊರಗಿನ ವ್ಯಾಸ 775 ಮಿ.ಮೀ. ಇದ್ದದ್ದು 773 ಆಗುತ್ತೆ, ಸ್ಪೀಡೋಮೀಟರಿಗೆ ವ್ಯತ್ಯಾಸ ಬರಲ್ಲ. ಆದರೆ ಪಕ್ಕದ ರಬ್ಬರು 159ರಿಂದ 132ಕ್ಕೆ ಇಳಿಯುತ್ತೆ. ದಿನಾ ಗುಂಡಿ ರಸ್ತೆ ಅಂದ್ರೆ 18ರಲ್ಲೇ ಇರಿ.

ಮೂಡಿಗೆರೆ ಡಿಸ್ಕವರಿ: ಸಾರ್, 2012ರ ಲ್ಯಾಂಡ್ ರೋವರ್ ಡಿಸ್ಕವರಿ 4, ಮೂರು ಲೀಟರ್ ಡೀಸೆಲ್, 1.4 ಲಕ್ಷ ಕಿ.ಮೀ. ಓಡಿದೆ. ಈಗ 255/55 ಆರ್19. 22 ಇಂಚಿನ ವೀಲು, 285/35 ಟೈರು ನೋಡಿಟ್ಟಿದೀನಿ, ನಾಳೆ ಅಡ್ವಾನ್ಸ್ ಕೊಡಬೇಕು. ಫೋಟೋ ಹಾಕಿದೀನಿ. ಟೈರು ತಾಗಬಾರದು ಅಂತ ಗಾಡಿಯ ಎತ್ತರ ಅಳೆಯೋ ಹೈಟ್ ಸೆನ್ಸರಿಗೆ ಚಿಕ್ಕ ರಾಡ್ ಹಾಕಿ ಎರಡಿಂಚು ಎತ್ತಿಕೊಡ್ತಾರಂತೆ. ಬೆಳಗ್ಗೆ ನೋಡಿದ್ರೆ ಗಾಡಿ ಪೂರ್ತಿ ಕೂತಿರುತ್ತೆ, ಸ್ಟಾರ್ಟ್ ಮಾಡಿದ್ರೆ ಎದ್ದೇಳುತ್ತೆ. ಅದು ಮಾಮೂಲಿ ಅಲ್ವಾ?

ಮೇಸ್ತ್ರಿ: ಮಾಮೂಲಿ ಅಲ್ಲ. ಅಡ್ವಾನ್ಸ್ ಕೊಡಬೇಡಿ, ಮೊದಲು ಇದನ್ನ ಓದಿ.

ಏರ್ ಸಸ್ಪೆನ್ಶನ್ ಅಂದ್ರೆ ಸ್ಪ್ರಿಂಗ್ ಬದಲು ಮೂಲೆಗೊಂದು ಗಾಳಿ ತುಂಬಿದ ರಬ್ಬರ್ ಬಲೂನು. ಗಾಡಿ ಕೂರ್ತಿದೆ ಅಂದ್ರೆ ಎಲ್ಲೋ ಗಾಳಿ ಸೋರ್ತಿದೆ. ನಾಲ್ಕೂ ಮೂಲೆ ಕೂತಿದೆ ಅಂತ ನಾಲ್ಕೂ ಬಲೂನು ಹೋಗಿದೆ ಅಂದ್ಕೋಬೇಡಿ. ನಿಲ್ಲಿಸಿಟ್ಟಾಗಲೂ ಆ ಗಾಡಿಯ ಕಂಪ್ಯೂಟರು ಆಗಾಗ ಎದ್ದು ಮಟ್ಟ ನೋಡುತ್ತೆ. ಒಂದು ಮೂಲೆ ಇಳಿದಿದ್ರೆ ಅದಕ್ಕೆ ಸಮ ಮಾಡೋಕೆ ಉಳಿದ ಮೂರರ ಗಾಳಿಯನ್ನೂ ಬಿಡುತ್ತೆ. ಕಳ್ಳ ಒಂದೇ ಮೂಲೆಯಲ್ಲಿರ್ತಾನೆ. ಹಿಡಿಯೋಕೆ ಹೀಗೆ ಮಾಡಿ: ರಾತ್ರಿ ಮಟ್ಟದ ಜಾಗದಲ್ಲಿ ನಿಲ್ಲಿಸಿ. ವೀಲಿನ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರ್ಕೊಳ್ಳಿ. ಕಂಪ್ಯೂಟರು ರಾತ್ರಿ ಎದ್ದು ಸಮ ಮಾಡದ ಹಾಗೆ ಸಸ್ಪೆನ್ಶನ್ನಿನ ಫ್ಯೂಸ್ ಕಿತ್ತಿಡಿ, ಯಾವುದು ಅಂತ ಮ್ಯಾನುಯಲ್‌ನಲ್ಲಿದೆ. ಬೆಳಗ್ಗೆ ಮತ್ತೆ ಅಳೆಯಿರಿ.

ಸೋರಿಕೆ ಹಾಗೇ ಬಿಟ್ಟರೆ ಗಾಳಿ ತುಂಬೋ ಕಂಪ್ರೆಸರು ದಿನಾ ಹೆಚ್ಚು ಹೊತ್ತು ಓಡಿ ಸುಡುತ್ತೆ. ಗಾಳಿಯ ತೇವ ಹೀರೋ ಡ್ರೈಯರಿನ ಕಾಳು ನೆನೆದು ಪುಡಿಯಾಗಿ ವಾಲ್ವಿಗೆ ಹೋಗುತ್ತೆ. ಒಂದು ಬಲೂನಿನ ಖರ್ಚು ಮೂರು ಖರ್ಚಾಗುತ್ತೆ.

ಇನ್ನು ಚಿಕ್ಕ ರಾಡ್. ಅದು ಕಂಪ್ಯೂಟರಿಗೆ ಸುಳ್ಳು ಹೇಳೋ ಕೆಲಸ. ಗಾಡಿ ಎರಡಿಂಚು ಮೇಲಿರುತ್ತೆ, ಕಂಪ್ಯೂಟರು ಮಾತ್ರ ಮಾಮೂಲಿ ಎತ್ತರದಲ್ಲಿದೀನಿ ಅಂದ್ಕೊಂಡಿರುತ್ತೆ. ಆಫ್‌ರೋಡ್ ಎತ್ತರದಲ್ಲಿ, ಅಂದ್ರೆ ಕಲ್ಲು ದಾರಿಗೆ ಅಂತ ಏರಿಸಿದಾಗ, 50 ಕಿ.ಮೀ. ವೇಗ ದಾಟಿದ್ರೆ ತಾನಾಗೇ ಇಳಿಯೋ ಗಾಡಿ ಅದು. ರಾಡ್ ಹಾಕಿದ ಮೇಲೆ ಆ ಎತ್ತರದಲ್ಲೇ 100ರಲ್ಲಿ ಹೋಗ್ತೀರಿ. ಆಕ್ಸಲ್ ಜಾಯಿಂಟು ಓರೆಯಾಗಿ ತಿರುಗುತ್ತೆ, ಅಲೈನ್‌ಮೆಂಟ್ ಕೆಟ್ಟು ಟೈರು ಒಂದೇ ಪಕ್ಕ ಸವೆಯುತ್ತೆ.

ಫೋಟೋದಲ್ಲಿ ಟೈರಿನ ಮೇಲೆ 106 ಅಂತಿದೆ, ಅಂದ್ರೆ ಒಂದು ಟೈರು 950 ಕೆ.ಜಿ. ಹೊರುತ್ತೆ. ಕಂಪನಿಯದು 111, ಅಂದ್ರೆ 1090. ಲೋಡಾದಾಗ ಗಾಡಿ 3 ಟನ್ ದಾಟುತ್ತೆ, ಹಿಂದಿನ ಜೋಡಿಗೇ ಜಾಸ್ತಿ ಭಾರ. ಪಕ್ಕದ ರಬ್ಬರು 140ರಿಂದ 100 ಮಿ.ಮೀ.ಗೆ ಇಳಿಯುತ್ತೆ. ತೋಟದ ರಸ್ತೆಯ ಒಂದು ಕಲ್ಲು ಸಾಕು.

ವೀಲಿನ ಒಳಗೆ ಇಟಿ35 ಅಂತ ಅಚ್ಚಿದೆ, ನೋಡಿದ್ರಾ? ಇಟಿ ಅಂದ್ರೆ ವೀಲಿನ ಅಗಲದ ನಡುವಿನಿಂದ ಅದು ಹಬ್ಬಿಗೆ ಕೂರೋ ಮುಖಕ್ಕೆ ಎಷ್ಟು ಮಿ.ಮೀ. ಅಂತ; ಕಡಿಮೆ ಆದಷ್ಟೂ ವೀಲು ಹೊರಗೆ. ನಿಮ್ಮದು 53. ಹದಿನೆಂಟು ಮಿ.ಮೀ. ಹೊರಗೆ ಬರುತ್ತೆ, ಆ ಭಾರವೆಲ್ಲ ಹಬ್ ಬೇರಿಂಗಿನ ಮೇಲೆ.

ಬೆಂಗಳೂರು ಎಕ್ಸ್5: ನಾನು ಡಿಸ್ಕವರಿಗೆ ನನ್ನ ಹಳೇ ಬಿಎಂಡಬ್ಲ್ಯು ಎಕ್ಸ್5ರ (ಎಫ್15 ಮಾಡೆಲ್) ವೀಲ್ ಹಾಕಿಸಿದೀನಿ. ಎರಡಕ್ಕೂ 5 ಬೋಲ್ಟ್, ಬೋಲ್ಟ್ ಸುತ್ತಿನ ವ್ಯಾಸ 120 ಮಿ.ಮೀ. ಏನೂ ಆಗಿಲ್ಲ. ಮೇಸ್ತ್ರಿಗಳು ಸುಮ್ನೆ ಹೆದರಿಸ್ತಾರೆ.

ಮೇಸ್ತ್ರಿ: ಬೋಲ್ಟ್ ಕೂತ ಮಾತ್ರಕ್ಕೆ ವೀಲ್ ಕೂತ ಹಾಗಲ್ಲ. ಎಕ್ಸ್5ರ ನಡುವಿನ ತೂತು 74.1, ಡಿಸ್ಕವರಿ ಹಬ್ಬು 72.6 ಮಿ.ಮೀ. ಮಧ್ಯೆ ರಿಂಗ್ ಇಲ್ಲದಿದ್ರೆ 80 ಕಿ.ಮೀ. ವೇಗದ ಮೇಲೆ ಸ್ಟೀರಿಂಗ್ ನಡುಗುತ್ತೆ. ರಿಂಗ್ ಹಾಕಿಸಿದೀರಾ?

ಬೆಂಗಳೂರು ಎಕ್ಸ್5: ಸ್ವಲ್ಪ ನಡುಗುತ್ತೆ. ಬ್ಯಾಲೆನ್ಸಿಂಗ್ ಅಂದ್ಕೊಂಡಿದ್ದೆ.

ಕುಶಾಲನಗರ ಜಿಎಲ್‌ಇ: ಸಾರ್ 2018ರ ಬೆಂಜ್ ಜಿಎಲ್‌ಇ, ಏರ್‌ಮ್ಯಾಟಿಕ್, ಅಂದ್ರೆ ಬೆಂಜಿನ ಏರ್ ಸಸ್ಪೆನ್ಶನ್. ಗುಂಡಿ ಇಳಿದಾಗ ಹಿಂದೆ ಟಕ್ ಟಕ್ ಸದ್ದು. ಏನಿರಬಹುದು?

ಮಂಗಳೂರು ಕ್ಯೂ7: ಒಂದು ಒಳ್ಳೆ ಮಾಹಿತಿ ಬಂತು ಮಾರಾಯ್ರೇ. "ಏರ್ ಬಲೂನ್ ಲೀಕ್ ಆದರೆ ಸಾವಿರಾರು ರೂಪಾಯಿ ಖರ್ಚು ಬೇಡ. ಪೈಪ್ ಬಿಚ್ಚಿ ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಲಿಕ್ವಿಡ್ ಬಿಡಿ. ಎಲ್ಲರಿಗೂ ತಲುಪಿಸಿ."

ಮೇಸ್ತ್ರಿ: ಯಾರಿಗೂ ತಲುಪಿಸಬೇಡಿ. ಬಲೂನುಗಳಿಗೆ ಗಾಳಿ ಹಂಚೋ ವಾಲ್ವ್ ಬ್ಲಾಕಿನೊಳಗಿನ ದಾರಿ ಸೂಜಿಯಷ್ಟಿರುತ್ತೆ. ಆ ಅಂಟು ಅಲ್ಲಿ ಗಟ್ಟಿಯಾದ್ರೆ ತೊಳೆಯೋಕೆ ಬರಲ್ಲ, ಬ್ಲಾಕನ್ನೇ ಬದಲಿಸಬೇಕು. ಅದಕ್ಕಿಂತ ಕೆಟ್ಟದ್ದು ಜಾಕ್ ಹಾಕಿ ಕೆಳಗೆ ನುಗ್ಗಿ ಪೈಪ್ ಬಿಚ್ಚೋದು. ಪೈಪ್ ಬಿಚ್ಚಿದ ಕ್ಷಣ ಆ ಮೂಲೆ ನೆಲಕ್ಕೆ ಬರುತ್ತೆ. ನಮ್ಮ ಗ್ಯಾರೇಜಿನ ಹುಡುಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಇಟ್ಟಿದ್ದಾಗ ಹೀಗೇ ಗಾಡಿ ಕೂತು ಎರಡು ಬೆರಳು ಮುರಿದವು. ಚಾಸಿಸ್ಸಿಗೆ ಸ್ಟ್ಯಾಂಡ್ ಕೊಡದೆ ಏರ್ ಸಸ್ಪೆನ್ಶನ್ ಗಾಡಿ ಕೆಳಗೆ ತಲೆ ಹಾಕಬೇಡಿ.

ಮಂಗಳೂರು ಕ್ಯೂ7: ನಾನು ಬರ್ದದ್ದಲ್ಲ, ಬಂದದ್ದು ಹಾಕಿದೆ ಅಷ್ಟೇ. ಇಷ್ಟು ಗರಂ ಯಾಕೆ?

ಮೈಸೂರು ವಕೀಲರು: 22 ಇಂಚು ಹಾಕೋದೇ ಕಾನೂನಿಗೆ ವಿರುದ್ಧ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಬೆಂಗಳೂರು ಎಕ್ಸ್5: ಹಾಗಾದ್ರೆ ಊರಲ್ಲಿರೋ ಅಲಾಯ್ ಅಂಗಡಿ ಎಲ್ಲಾ ಮುಚ್ಚಿಸಿ ಸ್ವಾಮಿ.

ಮೈಸೂರು ವಕೀಲರು: ಅಂಗಡಿ ಇದೆ ಅಂದ ಮಾತ್ರಕ್ಕೆ ಅಪಘಾತವಾದಾಗ ಇನ್ಶೂರೆನ್ಸಿನವರು ಸುಮ್ಮನಿರಲ್ಲ. ಕ್ಲೇಮ್ ತಿರಸ್ಕಾರವಾದ ಮೇಲೆ ನಮ್ಮ ಹತ್ತಿರ ಬರ್ತೀರಿ.

ಬೆಂಗಳೂರು ಎಕ್ಸ್5: ನಿಮ್ಮ ಹತ್ತಿರ ಯಾರು ಬಂದರು?

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಧಾರವಾಡ ಫಾರ್ಚೂನರ್: ಫಾರ್ಚೂನರ್‌ಗೆ 20 ಇಂಚ್ ಹಾಕಬಹುದಾ ಸರ್?

ಮೇಸ್ತ್ರಿ: ಮೇಲೆ ಓದಿ.

ತುಮಕೂರು ಡಿಸ್ಕವರಿ: 22 ಬೇಡ ಅಂದ್ರೆ 18ಕ್ಕೆ ಇಳಿದರೆ ಹೇಗೆ?

ಮೇಸ್ತ್ರಿ: 2.7 ಲೀಟರ್ ಎಂಜಿನ್ನಿನ ಗಾಡಿಗೆ ಆಗುತ್ತೆ. ಮೂರು ಲೀಟರಿಗೆ ಬ್ರೇಕ್ ಕ್ಯಾಲಿಪರ್ ತಾಗುತ್ತೆ.

ಶಿವಮೊಗ್ಗ ಫಾರ್ಚೂನರ್: ಅಣ್ಣಾ 20 ಇಂಚು, ಫಾರ್ಚೂನರ್...

ಮೇಸ್ತ್ರಿ: ಮೂರನೇ ಸಲ. ಮೇಲೆ ಇದೆ.

ಕುಶಾಲನಗರ ಜಿಎಲ್‌ಇ: ಸಾರ್, ನನ್ನ ಟಕ್ ಟಕ್ ಸದ್ದು?

ಹುಬ್ಬಳ್ಳಿ ಫಾರ್ಚೂನರ್: ಟೈರಿಗೆ ನೈಟ್ರೋಜನ್ ಹಾಕ್ಸಿದ್ರ ತಿಂಗಳಾನುಗಟ್ಲೆ ಚೆಕ್ ಮಾಡೂದು ಬ್ಯಾಡಂತ ಮೆಸೇಜ್ ಬಂದೈತ್ರಿ. ಖರೇನ?

ಮೇಸ್ತ್ರಿ: ಸುಳ್ಳು. ನಾವು ಉಸಿರಾಡೋ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಮುಳ್ಳು ಚುಚ್ಚಿದ್ರೆ ಎರಡೂ ಸೋರುತ್ತೆ. ಹದಿನೈದು ದಿನಕ್ಕೊಮ್ಮೆ ಗೇಜ್ ಹಿಡಿಯಿರಿ.

ಮೂಡಿಗೆರೆ ಡಿಸ್ಕವರಿ: ಸಾರ್, ಅಳೆದೆ. ರಾತ್ರಿ ಮುಂದೆ ಎರಡೂ 46.5, ಹಿಂದೆ ಎರಡೂ 48.5 ಸೆಂ.ಮೀ. ಬೆಳಗ್ಗೆ ಎಡ ಮುಂದಿನದು 39. ಉಳಿದ ಮೂರು ಹೆಚ್ಚುಕಮ್ಮಿ ಹಾಗೇ ಇವೆ.

ಮೇಸ್ತ್ರಿ: ಕಳ್ಳ ಸಿಕ್ಕಿದ. ಈಗ ಫ್ಯೂಸ್ ಹಾಕಿ, ಆಫ್‌ರೋಡ್ ಎತ್ತರಕ್ಕೆ ಏರಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹೊರಗೇ ನಿಂತು ಸೋಪಿನ ನೀರು ಸ್ಪ್ರೇ ಮಾಡಿ. ಕೈ ಒಳಗೆ ಬೇಡ. ಬಲೂನಿನ ಕೆಳಗಡೆ ರಬ್ಬರು ಮಡಚಿಕೊಳ್ಳೋ ಜಾಗ ನೋಡಿ, ಸಣ್ಣ ಬಿರುಕಿನ ಸಾಲಿದ್ರೆ ಅಲ್ಲೇ ಗುಳ್ಳೆ ಏಳುತ್ತೆ. ಅಲ್ಲಿ ಇಲ್ಲ ಅಂದ್ರೆ ಮೇಲೆ ಪೈಪ್ ಸೇರೋ ಜಾಯಿಂಟು.

ಮೂಡಿಗೆರೆ ಡಿಸ್ಕವರಿ: ಮಡಿಕೆಯಲ್ಲೇ ಸಾರ್. ಅಕ್ಕಿ ಕಾಳಿನಷ್ಟು ಗುಳ್ಳೆ, ಸಾಲಾಗಿ. ವೀಡಿಯೊ ಹಾಕಿದೀನಿ.

ಮೇಸ್ತ್ರಿ: ನೋಡಿದೆ. ಮುಂದಿನ ಎರಡೂ ಬದಲಿಸೋಣ, ಬಲಗಡೆಯದೂ ಅದೇ ವಯಸ್ಸಿನದು. ಜೊತೆಗೆ ಡ್ರೈಯರ್ ಬಿಚ್ಚಿ ನೋಡ್ತೀನಿ. ಬೇಲೂರು ಮೇಲೆ ನಿಧಾನ ಬನ್ನಿ. ದಾರಿಯಲ್ಲಿ ಸಸ್ಪೆನ್ಶನ್ ಲೈಟ್ ಬಂದ್ರೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿ.

ಮೂಡಿಗೆರೆ ಡಿಸ್ಕವರಿ: ಬುಧವಾರ ಬರ್ತೀನಿ. ವೀಲಿನವನಿಗೆ ಅಡ್ವಾನ್ಸ್ ಕೊಟ್ಟಿಲ್ಲ.

ಕುಶಾಲನಗರ ಜಿಎಲ್‌ಇ: ಎರಡು ದಿನದಿಂದ ಕೇಳ್ತಾ ಇದೀನಿ. ಡಿಸ್ಕವರಿ ಇದ್ದವರಿಗೆ ಮಾತ್ರ ಉತ್ತರ ಅಂತ ಮೊದಲೇ ಹೇಳಬಹುದಿತ್ತು.

ದಾವಣಗೆರೆ ಫಾರ್ಚೂನರ್: ಸರ್, 20 ಇಂಚ್ ಆಗುತ್ತಾ?