ಸಹಾಯ ಬೇಕು: ಕಡಲ ಹಕ್ಕಿಗಳ ಒತ್ತಡದ ಹಾರ್ಮೋನ್ ಲೆಕ್ಕ ಅರ್ಥ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಕಿಟ್ಟಿವೇಕ್. ಅಲಾಸ್ಕಾ, ಸ್ವಾಲ್ಬಾರ್ಡ್ ಕಡೆ ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುವ ಕಡಲ ಹಕ್ಕಿ. ಮೀನು ಕಡಿಮೆಯಾದ ವರ್ಷ ಇವುಗಳ ರಕ್ತದಲ್ಲಿ ಕಾರ್ಟಿಕೊಸ್ಟೆರಾನ್ ಅನ್ನೋ ಒತ್ತಡದ ಹಾರ್ಮೋನ್ ಏರುತ್ತದೆ. ಹಕ್ಕಿ ಹಿಡಿದ 3 ನಿಮಿಷದೊಳಗೆ ರಕ್ತ ತೆಗೆದರೆ ಮೂಲ ಮಟ್ಟ ಸಿಗುತ್ತದೆ, 30 ನಿಮಿಷ ಬಿಟ್ಟು ತೆಗೆದರೆ ಒತ್ತಡಕ್ಕೆ ದೇಹ ಎಷ್ಟು ಸ್ಪಂದಿಸಿತು ಅಂತ ಗೊತ್ತಾಗುತ್ತದೆ. ಇಲ್ಲಿವರೆಗೆ ಸರಿ.

ಈಗ ಗೊಂದಲ. ಹೆಚ್ಚು ದಿನ ಬದುಕುವ ಹಕ್ಕಿಗೆ ಒಂದು ವರ್ಷದ ಮರಿಗಿಂತ ತನ್ನ ಜೀವ ಮುಖ್ಯ ಅಲ್ವಾ? 1956ರಲ್ಲಿ ಕಾಲಿಗೆ ಬಳೆ ಹಾಕಿಸಿಕೊಂಡ ಲೇಸನ್ ಆಲ್ಬಟ್ರಾಸ್ ವಿಸ್ಡಮ್ 2024ರಲ್ಲೂ ಮಿಡ್‌ವೇ ದ್ವೀಪದಲ್ಲಿ ಮೊಟ್ಟೆ ಇಟ್ಟಳು, ಅದನ್ನು ಓದಿದಾಗ ನಿಜಕ್ಕೂ ಮೈ ಜುಂ ಅಂತು. ಹಾಗಾದರೆ ಹಾರ್ಮೋನ್ ಏರಿದಾಗ ತನ್ನ ಜೀವ ಉಳಿಸಿಕೊಳ್ಳಲು ಗೂಡು ಬಿಟ್ಟು ಹೋದ ಹಕ್ಕಿ ಮುಂದಿನ ವರ್ಷ ಬದುಕಿ ವಾಪಸ್ ಬರಬೇಕು. ಆದರೆ ಮೂಲ ಮಟ್ಟ ಜಾಸ್ತಿ ಇದ್ದ ಕಿಟ್ಟಿವೇಕ್‌ಗಳು ಬದುಕುಳಿದದ್ದೂ ಕಡಿಮೆ ಅಂತ ಕೆಲವು ಅಧ್ಯಯನಗಳಲ್ಲಿದೆ.

ಎರಡು ಸಲ ಚಾರ್ಟ್ ಬರೆದೆ, ಪ್ರೊಲ್ಯಾಕ್ಟಿನ್ (ಮರಿ ಸಾಕಲು ಪ್ರೇರೇಪಿಸುವ ಹಾರ್ಮೋನ್) ಬಗ್ಗೆಯೂ ಓದಿದೆ, ಗೈಡ್ ಹತ್ರವೂ ಕೇಳಿದೆ. ಇನ್ನೂ ಬಿಡಿಸಲು ಆಗಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಇಲ್ಲಿ ಹಾರ್ಮೋನೇ ಹಕ್ಕಿಯ ಆಯಸ್ಸು ಕಡಿಮೆ ಮಾಡುತ್ತಿದೆಯಾ, ಅಥವಾ ಮೊದಲೇ ಸೊರಗಿದ, ಹೊಟ್ಟೆಗಿಲ್ಲದ ಹಕ್ಕಿಯಲ್ಲಿ ಅದು ಸುಮ್ನೆ ಗುರುತಾಗಿ ಕಾಣುತ್ತಿದೆಯಾ? ಇವೆರಡನ್ನೂ ಬೇರೆ ಮಾಡಿ ನೋಡಲು ಯಾವ ರೀತಿಯ ಪ್ರಯೋಗ ಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.